ಜ್ವಾಲಾಮುಖಿಗಿಂತ ಮುಂಚಿನ ಹನ್ನೊಂದು ದಿನ

(ಪುಣೆಯಲ್ಲಿ ಆಡಿದ ಮಾತಿನ ಬರಹರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಶುರು ಮಾಡೋಕೆ ಮುಂಚೆ ಒಂದು ಪ್ರಶ್ನೆ. ಇಲ್ಲಿ ಕೂತಿರೋರಲ್ಲಿ ಆನ್‌ಸೈಟ್ ಅಂತ ಹೋಗಿ ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ಇದ್ದು ಬಂದೋರು ಎಷ್ಟು ಜನ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಅದರಲ್ಲಿ ಅದೇ ಊರಿಗೆ ಆಮೇಲೆ ವಾಪಸ್ ಹೋಗಿ ಬಂದೋರು? ಕ್ಲೈಂಟ್ ಮೀಟಿಂಗಿಗಲ್ಲ, ಸ್ವಂತ ದುಡ್ಡಲ್ಲಿ, ಸುಮ್ನೆ? ಇಬ್ಬರು. ಆಯ್ತು, ಆ ಇಬ್ಬರಿಗೆ ನಾನು ಹೇಳೋದು ಬೇಗ ಅರ್ಥ ಆಗಬಹುದು.

ನಾನು ದಾವಣಗೆರೆಯವನು. ಪುಣೆಗೆ ಬಂದು ಹದಿಮೂರು ವರ್ಷ ಆಯ್ತು, ಹಿಂಜೇವಾಡಿಯ ಟ್ರಾಫಿಕ್ಕಲ್ಲಿ ಅದರಲ್ಲಿ ಎರಡು ವರ್ಷ ಹೋಗಿರಬೇಕು. ಅದಕ್ಕೂ ಮುಂಚೆ 2009ರ ಜನವರಿಯಿಂದ 2010ರ ಅಕ್ಟೋಬರ್‌ವರೆಗೆ ಸ್ಕಾಟ್‌ಲೆಂಡಿನ ಎಡಿನ್‌ಬರ್ಗಿನಲ್ಲಿದ್ದೆ. ಒಂದು ಬ್ಯಾಂಕಿನ ಪ್ರಾಜೆಕ್ಟ್. ಮದುವೆ ಆಗಿತ್ತು, ಹೆಂಡತಿ ಬಾಣಂತನಕ್ಕೆ ರಾಣೆಬೆನ್ನೂರಿನ ತವರಲ್ಲಿದ್ದಳು. ನಾನು ಅಲ್ಲಿ ಒಬ್ಬನೇ. ಈ ವರ್ಷ, ಅಂದ್ರೆ 2024ರ ಏಪ್ರಿಲ್‌ನಲ್ಲಿ, ಎಂಟು ದಿನದ ಮಟ್ಟಿಗೆ ಆ ಊರಿಗೆ ಒಬ್ಬನೇ ಹೋಗಿ ಬಂದೆ. ಮಗಳು 'ನಾನೂ ಬರ್ತೀನಿ' ಅಂದಳು. ಬೇಡ ಅಂದೆ. ಹೆಂಡತಿ ಏನೂ ಕೇಳಲಿಲ್ಲ. ಕೇಳದೇ ಇದ್ದಿದ್ದೇ ಒಳ್ಳೇದಾಯ್ತು, ಯಾಕಂದ್ರೆ ಯಾಕೆ ಹೋಗ್ತಿದ್ದೀನಿ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಹೊರಗೆ ಹೇಳೋಕೆ ಒಂದು ಕಾರಣ ಇತ್ತು. ನಮ್ಮ ಮನೆಯಲ್ಲಿ, ನೆಂಟರಲ್ಲಿ, ಆಫೀಸಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ ಅದು. 2010ರ ಏಪ್ರಿಲ್ 17ಕ್ಕೆ ನಮ್ಮಪ್ಪ ತೀರಿಕೊಂಡರು. ನಾನು ಮಣ್ಣಿಗೆ ಹೋಗೋಕಾಗಲಿಲ್ಲ. ಯಾಕೆ ಅಂದ್ರೆ ಐಸ್‌ಲೆಂಡಿನಲ್ಲಿ ಜ್ವಾಲಾಮುಖಿ ಸಿಡಿದಿತ್ತು. ನಿಮ್ಮಲ್ಲಿ ಸ್ವಲ್ಪ ವಯಸ್ಸಾದೋರಿಗೆ ನೆನಪಿರುತ್ತೆ. ಐಯಾಫ್ಯಾಟ್ಲಾಯೋಕುಲ್ ಅಂತ ಅದರ ಹೆಸರು, ಟೀವಿಯಲ್ಲಿ ಓದೋರಿಗೇ ನಾಲಿಗೆ ಹೊರಳುತ್ತಿರಲಿಲ್ಲ. ಏಪ್ರಿಲ್ 14, ಬುಧವಾರ ಅದು ದೊಡ್ಡದಾಗಿ ಸಿಡಿಯಿತು. ಮೇಲೆ ಹಿಮದ ಗಡ್ಡೆ ಇತ್ತು. ಕರಗಿದ ನೀರು ಬಿದ್ದು ಲಾವಾ ಥಟ್ಟನೆ ತಣ್ಣಗಾಗಿ ಸಣ್ಣ ಪುಡಿಯಾಯ್ತು. ಆ ಬೂದಿ ಅಂದ್ರೆ ನಮ್ಮ ಒಲೆ ಬೂದಿ ಥರ ಅಲ್ಲ. ಕಲ್ಲಿನ, ಗಾಜಿನ ಪುಡಿ. ಜೆಟ್ ಎಂಜಿನ್ನಿನ ಒಳಗಿನ ಶಾಖಕ್ಕೆ ಅದು ಕರಗುತ್ತೆ, ಕರಗಿ ಬ್ಲೇಡುಗಳ ಮೇಲೆ ಹೋಗಿ ಅಂಟುತ್ತೆ. 1982ರಲ್ಲಿ ಜಾವಾ ಹತ್ತಿರ ಇಂಥದ್ದೇ ಬೂದಿ ಹೊಕ್ಕು ಒಂದು ಜಂಬೋ ವಿಮಾನದ ನಾಲ್ಕೂ ಎಂಜಿನ್ ನಿಂತುಹೋಗಿದ್ದವು. ಕೆಳಗಿಳೀತಾ ಇಳೀತಾ ಎಂಜಿನ್ ಮತ್ತೆ ಶುರುವಾಗಿ, ಜಕಾರ್ತದಲ್ಲಿ ಇಳಿದು ಎಲ್ಲರೂ ಬದುಕಿದರು. ಹಾಗಾಗಿ 2010ರಲ್ಲಿ ಯಾರೂ ಧೈರ್ಯ ಮಾಡಲಿಲ್ಲ. ಏಪ್ರಿಲ್ 15ಕ್ಕೆ ಬ್ರಿಟನ್ನಿನ ಆಕಾಶ ಮುಚ್ಚಿದರು. ಎಲ್ಲ ಕಡೆ ತೆರೆದಿದ್ದು 20ನೇ ತಾರೀಖು ರಾತ್ರಿ.

ನನ್ನ ಟಿಕೆಟ್ ಇದ್ದಿದ್ದು 15ನೇ ತಾರೀಖು, ಗುರುವಾರ ಮಧ್ಯಾಹ್ನಕ್ಕೆ. ಏರ್‌ಲಿಂಕ್ ಬಸ್ ಹತ್ತಿ ವಿಮಾನ ನಿಲ್ದಾಣಕ್ಕೆ ಹೋದೆ. ಬೋರ್ಡಲ್ಲಿ ಎಲ್ಲ ಸಾಲಲ್ಲೂ ಕ್ಯಾನ್ಸಲ್ಡ್. ಅವತ್ತು ಸಂಜೆ ಬ್ರಿಟನ್ನಿನ ಚುನಾವಣೆಗೆ ಮೂರು ಪಕ್ಷದ ನಾಯಕರ ಮೊಟ್ಟಮೊದಲ ಟೀವಿ ಚರ್ಚೆ, ಇಡೀ ದೇಶ ಅದನ್ನ ನೋಡ್ತಿತ್ತು. ನಾನು ಫೋನ್ ಹಿಡ್ಕೊಂಡು ಕೂತಿದ್ದೆ. ಜೊತೆಗೆ ಕೆಲಸ ಮಾಡೋ ಒಬ್ಬ ಬ್ರಿಟಿಷ್ ಹುಡುಗ ಲಂಡನ್ನಿಗೆ ರೈಲಲ್ಲಿ ಹೋಗಿ, ಸಮುದ್ರ ದಾಟಿ, ಅಲ್ಲಿಂದ ಬಸ್ಸಲ್ಲಿ ಮ್ಯಾಡ್ರಿಡ್‌ಗೆ ಹೋಗಿ ವಿಮಾನ ಹಿಡಿದ. ಸ್ಪೇನಿನ ಆಕಾಶ ತೆರೆದಿತ್ತು. ನನಗೆ ಆ ದಾರಿಯೂ ಇರಲಿಲ್ಲ. ನಮ್ಮ ಪಾಸ್‌ಪೋರ್ಟಿಗೆ ಬ್ರಿಟನ್ ವರ್ಕ್ ಪರ್ಮಿಟ್ ಇದ್ದರೂ ಫ್ರಾನ್ಸ್‌ಗೆ ಕಾಲಿಡೋಕೆ ಷೆಂಗೆನ್ ವೀಸಾ ಬೇಕು. ಇದನ್ನ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಥೆ ಇಷ್ಟು. ಇದರಲ್ಲಿ ಒಂದು ಸುಳ್ಳೂ ಇಲ್ಲ. ನಮ್ಮಮ್ಮ ಈಗಲೂ ಮದುವೆ ಮನೆಯಲ್ಲಿ ಯಾರಾದ್ರೂ ಕೇಳಿದ್ರೆ 'ಅಲ್ಲೆಲ್ಲೋ ಬೆಂಕಿ ಗುಡ್ಡ ಎದ್ದುಬಿಡ್ತು ನೋಡ್ರಿ, ನನ್ನ ಮಗ ಬರಾಕಾಗ್ಲಿಲ್ಲ' ಅಂತಾರೆ. ಕೇಳಿದೋರು ಅಯ್ಯೋ ಅಂತಾರೆ. ನಾನು ತಲೆ ತಗ್ಗಿಸ್ತೀನಿ.

ಇನ್ನು ಈ ಸಲದ ಪ್ರಯಾಣ. ವೀಸಾ, ಬ್ಯಾಂಕ್ ಸ್ಟೇಟ್‌ಮೆಂಟ್, ಬೆರಳಚ್ಚು, ಅದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ. ದೋಹಾ ಮೂಲಕ ಹೋದೆ. ಎಡಿನ್‌ಬರ್ಗ್ ವಿಮಾನ ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ಎದುರಿಗೆ ಟ್ರಾಮ್. ನನಗೆ ನಗು ಬಂತು. ನಾನಿದ್ದಾಗ ಆ ಟ್ರಾಮ್ ಅಂದ್ರೆ ಊರಿನ ಜೋಕು. ರಸ್ತೆ ಅಗೆದು ಬಿಟ್ಟಿದ್ದರು, ಗುತ್ತಿಗೆದಾರರಿಗೂ ಟ್ರಾಮ್ ಸಂಸ್ಥೆಗೂ ಜಗಳ, ಅಂಗಡಿಯವರೆಲ್ಲ ಬೈಯುತ್ತಿದ್ದರು. 2011ಕ್ಕೆ ಓಡಬೇಕಾಗಿದ್ದು ಓಡಿದ್ದು 2014ರ ಮೇ 31ಕ್ಕೆ, ಖರ್ಚು 77.6 ಕೋಟಿ ಪೌಂಡ್. ಆಗ ಕೈಬಿಟ್ಟಿದ್ದ ಲೀತ್, ನ್ಯೂಹೇವನ್ ಕಡೆಯ ದಾರಿ 2023ರ ಜೂನ್‌ನಲ್ಲಿ ಮುಗೀತು. ಹಿಂಜೇವಾಡಿ ಮೆಟ್ರೋ ಕಂಬಗಳ ಕೆಳಗೆ ದಿನಾ ನಿಲ್ಲೋರಿಗೆ ಇದು ಸ್ವಲ್ಪ ಸಮಾಧಾನ ಕೊಡಬಹುದು. ಹೇಮಾರ್ಕೆಟ್‌ನಲ್ಲಿ ಇಳಿದು ಡಾಲ್ರಿ ರೋಡ್ ಹಿಡಿದೆ. ನಾನಿದ್ದ ಮನೆ ಅಲ್ಲೇ.

ಮೊದಲು ಗುರುತಿಸಿದ್ದು ಮೂಗು. ಪಕ್ಕದ ಗಾರ್ಗಿಯಲ್ಲಿ ವಿಸ್ಕಿಗೆ ಧಾನ್ಯ ಹುದುಗಿಸಿ ಭಟ್ಟಿ ಇಳಿಸೋ ದೊಡ್ಡ ಕಾರ್ಖಾನೆ ಇದೆ. ಗಾಳಿ ತಿರುಗಿದಾಗ ಇಡೀ ಬಡಾವಣೆಗೆ ಒಂದು ವಾಸನೆ. ಬೆಂದ ಜೋಳ, ಹುಳಿ ಬಂದ ಅಂಬಲಿ, ಎರಡೂ ಸೇರಿದ ಹಾಗೆ. ಆಗ ನನಗೆ ಅದು ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆಯ ಓಣಿಯನ್ನ ನೆನಪಿಗೆ ತರ್ತಿತ್ತು. ವಾಸನೆ ಒಂದೇ ಅಂತ ಅಲ್ಲ, ಒಂದು ಊರಿಗೆ ತನ್ನದೇ ವಾಸನೆ ಇರೋದು ಅನ್ನೋ ಕಾರಣಕ್ಕೆ. ಕಾರ್ಖಾನೆ ಇನ್ನೂ ಇದೆ, ವಾಸನೆ ಇನ್ನೂ ಇದೆ. ಸ್ಲೇಟ್‌ಫರ್ಡ್ ರೋಡಿನ ಹಳೇ ಬಿಯರ್ ಕಾರ್ಖಾನೆ ಮಾತ್ರ 2022ರಲ್ಲಿ ಮುಚ್ಚಿತಂತೆ. ಅಕ್ಕಿ, ತೊಗರಿಬೇಳೆ ತರ್ತಿದ್ದ ಅಂಗಡಿ ಇದ್ದ ಜಾಗದಲ್ಲಿ ಕಾಫಿ ಅಂಗಡಿ.

ಇನ್ನೊಂದು ಗಮನಿಸಿದ್ದು ಬೀದಿ ದೀಪ. ಆಗ ಕಿತ್ತಳೆ ಬಣ್ಣದ ಸೋಡಿಯಂ ದೀಪಗಳಿದ್ದವು, ಈಗ ಬಿಳಿ ಎಲ್‌ಇಡಿ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ ನಮ್ಮಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದೋರು. ಬೆಸ್ಕಾಂ ಆದ ಮೇಲೂ ನಮ್ಮ ಮನೆಯಲ್ಲಿ ಅದು ಕೆಇಬಿನೇ. ನಾನು ಅಲ್ಲಿದ್ದ ಮೊದಲ ಚಳಿಗಾಲದಲ್ಲಿ ಫೋನ್ ಮಾಡಿದಾಗ 'ಎಷ್ಟೊತ್ತಿಗೆ ಕತ್ಲಾಗುತ್ತಪ್ಪ ಅಲ್ಲಿ?' ಅಂತ ಕೇಳಿದರು. ಡಿಸೆಂಬರಲ್ಲಿ ಮೂರೂ ಮುಕ್ಕಾಲಿಗೆ ಸೂರ್ಯ ಇರಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ಬೀದಿ ಲೈಟು ಮೂರೂವರೆಗೇ ಹಾಕ್ಬೇಕಲ್ಲೋ! ಬಿಲ್ ಯಾರು ಕಟ್ತಾರೆ?' ಅಂದರು. ಆಮೇಲೆ ಪ್ರತಿ ಫೋನಲ್ಲೂ ಅದೇ ವಿಚಾರಣೆ. ಕಂಬ ಕಬ್ಬಿಣದ್ದೋ ಸಿಮೆಂಟಿಂದೋ, ತಂತಿ ಮೇಲೋ ನೆಲದೊಳಗೋ. ನಾನು ಅರ್ಧಂಬರ್ಧ ಉತ್ತರ ಕೊಡ್ತಿದ್ದೆ. ಈ ಸಲ ಹೋದಾಗ ಪ್ರತಿ ಕಂಬವನ್ನೂ ನೋಡಿದೆ.

ಮೂರನೇ ದಿನ ರಾತ್ರಿ. ನಾನಿದ್ದ ಮನೆಯ ಬೀದಿ ನೆನಪಿತ್ತು, ಬಾಗಿಲ ನಂಬರ್ ಮರೆತುಹೋಗಿತ್ತು. ಅಲ್ಲಿ ನಾಲ್ಕಂತಸ್ತಿನ ಕಲ್ಲಿನ ಕಟ್ಟಡಗಳು, ಸಾಲಾಗಿ ಎಲ್ಲ ಒಂದೇ ಥರ, ಒಂದೊಂದು ಬಾಗಿಲಿಗೆ ಎಂಟೋ ಹತ್ತೋ ಮನೆ. ಬಾಡಿಗೆ ಕರಾರಿನ ಮೇಲ್ ಸಿಗುತ್ತೇನೋ ಅಂತ ಹಾಸಿಗೆ ಮೇಲೆ ಕೂತು ಜಿಮೇಲ್‌ನಲ್ಲಿ 2010 ಅಂತ ಹುಡುಕಿದೆ. ನಂಬರ್ ಸಿಕ್ಕಿತು. ಅದರ ಜೊತೆಗೆ ಆ ಏಪ್ರಿಲ್‌ನ ಮೇಲ್‌ಗಳೂ ಒಂದರ ಕೆಳಗೊಂದು ಬಂದು ನಿಂತವು.

ಏಪ್ರಿಲ್ 3, ಶನಿವಾರ, ಈಸ್ಟರ್ ಹಿಂದಿನ ದಿನ ತಮ್ಮ ಫೋನ್ ಮಾಡಿದ್ದ. ಅದು ನೆನಪಿತ್ತು. ಅಪ್ಪನಿಗೆ ಉಸಿರಾಟದ ತೊಂದರೆ, ಆಸ್ಪತ್ರೆಗೆ ಸೇರಿಸಿದೀವಿ ಅಂದಿದ್ದ. ಏಪ್ರಿಲ್ 6ಕ್ಕೆ ಅವನ ಮೇಲ್, ರಿಪೋರ್ಟ್ ಸ್ಕ್ಯಾನ್ ಮಾಡಿ ಕಳಿಸಿದ್ದಾನೆ. ಕೆಳಗೆ ಒಂದು ಸಾಲು: 'ಅಣ್ಣ ಬರಕಾಗುತ್ತಾ ನೋಡು, ಅಪ್ಪ ಕೇಳ್ತಾ ಐತೆ.' ಏಪ್ರಿಲ್ 7ಕ್ಕೆ ಟ್ರಾವೆಲ್ ಏಜೆಂಟನ ಮೇಲ್. ನಾನೇ ವಿಚಾರಿಸಿದ್ದೆ ಅಂತ ಕಾಣುತ್ತೆ. 9ನೇ ತಾರೀಖಿಗೆ ಲಂಡನ್ ಮೂಲಕ ಬೆಂಗಳೂರಿಗೆ ಸೀಟಿದೆ, ಐನೂರು ಚಿಲ್ಲರೆ ಪೌಂಡ್, ಬೇಕಾದ್ರೆ ಇವತ್ತೇ ತಿಳಿಸಿ. ಅದಕ್ಕೆ ನಾನು ಉತ್ತರ ಕೊಟ್ಟಿಲ್ಲ. ತಮ್ಮನಿಗೆ ಕೊಟ್ಟಿದ್ದೀನಿ, ಅವತ್ತೇ ರಾತ್ರಿ. '18ಕ್ಕೆ ಗೋ-ಲೈವ್ ಐತೆ. ಅದು ಮುಗಿದ ಮೇಲೆ ಟಿಕೆಟ್ ಮಾಡಿಸ್ತೀನಿ. ಅಪ್ಪಂಗೆ ಹೇಳು.'

ಈ ಮೇಲ್ ಬರೆದಿದ್ದು ನನಗೆ ನೆನಪೇ ಇರಲಿಲ್ಲ. ನಿಜವಾಗಲೂ ಇರಲಿಲ್ಲ.

ಜ್ವಾಲಾಮುಖಿ ಸಿಡಿದಿದ್ದು 14ಕ್ಕೆ. ನಾನು ಟಿಕೆಟ್ ತೆಗೆದಿದ್ದೂ 14ಕ್ಕೆ, ಅಪ್ಪನ್ನ ಐಸಿಯುಗೆ ಹಾಕಿದ್ದಾರೆ ಅಂತ ತಮ್ಮ ಅಳ್ತಾ ಹೇಳಿದ ಮೇಲೆ. 3ರಿಂದ 14ರವರೆಗೆ ಹನ್ನೊಂದು ದಿನ. ಆ ಹನ್ನೊಂದು ದಿನವೂ ವಿಮಾನಗಳು ಹಾರಾಡಿದವು. ನನ್ನ ಆಫೀಸ್ ಇದ್ದಿದ್ದು ವಿಮಾನ ನಿಲ್ದಾಣದ ಕಡೆಗೇ, ಕಿಟಕಿಯಿಂದ ಕಾಣಿಸ್ತಿತ್ತು.

ಇಷ್ಟು ವರ್ಷ ಮನಸ್ಸಿನ ಒಂದು ಮೂಲೆಯಲ್ಲಿ ನಾನು ಆಗಿನ ಮ್ಯಾನೇಜರ್‌ನ ಬೈಕೊಂಡಿದ್ದೆ, ಬಿಡಲಿಲ್ಲ ಅಂತ. ಅವತ್ತು ರಾತ್ರಿ ಕೂತು ಎಷ್ಟು ನೆನಪು ಮಾಡಿಕೊಂಡರೂ, ಆ ಮನುಷ್ಯನ ಹತ್ರ ರಜೆ ಕೇಳಿದ ಒಂದು ಸಂದರ್ಭವೂ ನೆನಪಿಗೆ ಬರಲಿಲ್ಲ. ನಾನು ಕೇಳಿಯೇ ಇರಲಿಲ್ಲ. 14ಕ್ಕೆ ಹೇಳಿದಾಗ ಆತ 'ಈಗಲೇ ಹೊರಡು' ಅಂತಷ್ಟೇ ಅಂದಿದ್ದ. ಮತ್ತೆ ಆ ಗೋ-ಲೈವ್? ಅದಕ್ಕೆ ಬರಬೇಕಾಗಿದ್ದ ಅರ್ಧ ಜನ ಬೇರೆ ಬೇರೆ ಊರಲ್ಲಿ ಸಿಕ್ಕಿಹಾಕಿಕೊಂಡು, ಎರಡು ವಾರ ಮುಂದಕ್ಕೆ ಹೋಯ್ತು.

ಮಾರನೇ ದಿನ ಆ ಬಾಗಿಲಿಗೆ ಹೋದೆ. ಬೆಲ್ಲಿನ ಹತ್ತಿರ ಹೆಸರುಗಳೆಲ್ಲ ಬದಲಾಗಿದ್ದವು. ಕೆಳಗಿನ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಅಪ್ಪ ಹೋದ ದಿನ, ಮೆಟ್ಟಿಲ ಮೇಲೆ ನನ್ನ ಮುಖ ನೋಡಿ ಏನಾಯ್ತು ಅಂತ ಕೇಳಿ, ಸಂಜೆ ಒಂದು ಪಾತ್ರೆ ತುಂಬ ಬೇಳೆ ಸೂಪ್ ತಂದುಕೊಟ್ಟಿದ್ದರು. ನಮ್ಮ ಕಟ್ಟಿನ ಸಾರಿಗೆ ಹತ್ತಿರದ ರುಚಿ, ಖಾರ ಇಲ್ಲ ಅಷ್ಟೇ. ಸ್ಕಾಟ್‌ಲೆಂಡಿನವರು ಅದನ್ನ ಸಾಮಾನ್ಯವಾಗಿ ಹಂದಿ ಮೂಳೆ ಹಾಕಿ ಕುದಿಸ್ತಾರೆ ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ನಾವು ಮೊಟ್ಟೆಯನ್ನೂ ಮನೆಗೆ ತರದೋರು. ಅವತ್ತು ನಾನು ಕೇಳಲೂ ಇಲ್ಲ, ಪಾತ್ರೆ ಖಾಲಿ ಮಾಡಿದ್ದೆ. ಈಗ ಆ ಮನೆಯ ಬಾಗಿಲು ತೆಗೆದಿದ್ದು ಒಬ್ಬ ವಿದ್ಯಾರ್ಥಿ. ಅವನಿಗೆ ಆಕೆಯ ಬಗ್ಗೆ ಏನೂ ಗೊತ್ತಿರಲಿಲ್ಲ.

17ನೇ ತಾರೀಖು ಆರ್ಥರ್ಸ್ ಸೀಟ್ ಹತ್ತಿದೆ. ಊರ ನಡುವೆ ಇರೋ ಬೆಟ್ಟ, 251 ಮೀಟರ್. 2010ರಲ್ಲೂ ಅವತ್ತು ಅಲ್ಲಿಗೇ ಹೋಗಿದ್ದೆ. ಬೆಳಗ್ಗೆ ಆರೂವರೆಗೆ ತಮ್ಮನ ಫೋನ್ ಬಂತು, ಮನೆಯಲ್ಲಿ ಕೂರೋಕಾಗದೆ ನಡೀತಾ ನಡೀತಾ ಬೆಟ್ಟದ ಮೇಲಿದ್ದೆ. ಈ ಬೆಟ್ಟವೂ ಜ್ವಾಲಾಮುಖಿನೇ, ಗೊತ್ತಾ? ಸುಮಾರು 34 ಕೋಟಿ ವರ್ಷದ ಹಿಂದೆ ಸಿಡಿದು ತಣ್ಣಗಾಗಿದ್ದು. ಊರಿನ ಕೋಟೆ ನಿಂತಿರೋ ಬಂಡೆಯೂ ಅದೇ ಕಾಲದ್ದು. ಹದಿನೆಂಟನೇ ಶತಮಾನದಲ್ಲಿ ಜೇಮ್ಸ್ ಹಟ್ಟನ್ ಅನ್ನೋ ಇದೇ ಊರಿನ ಮನುಷ್ಯ ಈ ಬೆಟ್ಟದ ಪಕ್ಕದ ಕಲ್ಲು ಗೋಡೆ ನೋಡಿ, ಕರಗಿದ ಬಂಡೆ ಹಳೇ ಪದರಗಳ ನಡುವೆ ನುಗ್ಗಿದೆ, ಭೂಮಿಗೆ ನಾವಂದುಕೊಂಡಿದ್ದಕ್ಕಿಂತ ತುಂಬಾ ವಯಸ್ಸಾಗಿದೆ ಅಂತ ವಾದ ಮಾಡಿದ. ಭೂವಿಜ್ಞಾನ ಓದೋರು ಇವತ್ತಿಗೂ ಆ ಕಲ್ಲು ನೋಡೋಕೆ ಬರ್ತಾರೆ. ಒಂದು ಜ್ವಾಲಾಮುಖಿ ಮೇಲೆ ಕೂತು ಇನ್ನೊಂದು ಜ್ವಾಲಾಮುಖಿಯನ್ನ ಬೈದಿದ್ದೆ ನಾನು.

ದಾರಿಯಲ್ಲಿ ಮೆಡೋಸ್ ಅಂತ ದೊಡ್ಡ ಬಯಲು ಬರುತ್ತೆ. ಅದರ ಹಾದಿಗಳ ಎರಡೂ ಕಡೆ ಚೆರ್ರಿ ಮರ, ಏಪ್ರಿಲ್ ಕೊನೆ ಅಂದ್ರೆ ಗುಲಾಬಿ ಬಣ್ಣದ ಹೂವು. 2010ರಲ್ಲೂ ಅದೇ ದಾರೀಲಿ ಹೋಗಿದ್ದೆ. ಒಂದು ಹೂವೂ ನೆನಪಿಲ್ಲ. ಇನ್ನೂ ವಿಚಿತ್ರ ಏನಂದ್ರೆ, ನನ್ನ ನೆನಪಲ್ಲಿ ಆ ವಾರದ ಆಕಾಶ ಬೂದಿ ಬಣ್ಣ. ಎಲ್ಲರಿಗೂ ಹಾಗೇ ಹೇಳಿದ್ದೀನಿ, ಬೂದಿ ಮೋಡ ಕವಿದಿತ್ತು ಅಂತ. ಆದರೆ ಆಗ ನಾನೇ ತೆಗೆದ ಎರಡು ಫೋಟೋ ಅದೇ ಜಿಮೇಲ್‌ನಲ್ಲಿ ಸಿಕ್ಕವು. ಆಕಾಶ ನೀಲಿ, ಒಂದು ಗೆರೆಯಿಲ್ಲ. ಆ ವಾರ ಬ್ರಿಟನ್ನಿನಲ್ಲಿ ಬಿಸಿಲಿತ್ತು. ಬೂದಿ ಇದ್ದಿದ್ದು ಎಷ್ಟೋ ಸಾವಿರ ಅಡಿ ಮೇಲೆ, ಕೆಳಗಿನವರ ಕಣ್ಣಿಗೆ ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ವಿಮಾನಗಳಿಲ್ಲದ್ದಕ್ಕೆ ಅವು ಬಿಟ್ಟು ಹೋಗೋ ಬಿಳಿ ಗೆರೆಗಳೂ ಇರಲಿಲ್ಲ. ಬೂದಿ ಬಣ್ಣ ಬಳಿದೋನು ನಾನೇ.

ಎಡಿನ್‌ಬರ್ಗ್ ಕೋಟೆಯಿಂದ ದಿನಾ ಮಧ್ಯಾಹ್ನ ಒಂದು ಗಂಟೆಗೆ ಫಿರಂಗಿ ಹೊಡೀತಾರೆ. ಬಂದರಿನ ಹಡಗುಗಳು ಗಡಿಯಾರ ಸರಿಮಾಡಿಕೊಳ್ಳಲಿ ಅಂತ 1861ರಲ್ಲಿ ಶುರುವಾಗಿದ್ದು. ಭಾನುವಾರ ಇಲ್ಲ. 2010ರ ಆ ಶನಿವಾರ ನಾನು ಬೆಟ್ಟದ ಮೇಲಿದ್ದಾಗ ಫಿರಂಗಿ ಹೊಡೆಯಿತು, ಅದೇ ಹೊತ್ತಿಗೆ ಫೋನ್ ಬಂತು. ಊರಲ್ಲಿ ಸಂಜೆ ಐದೂವರೆ. 'ಮಣ್ಣಾಯ್ತು ಅಣ್ಣ' ಅಂದ ತಮ್ಮ. ಅವನ ಹಿಂದೆ ಜನ ಮಾತಾಡ್ತಿದ್ದಿದ್ದು ಕೇಳಿಸ್ತಿತ್ತು. ನಾನು ಊರು ಮುಟ್ಟಿದ್ದು 22ಕ್ಕೆ, ಶಿವಗಣಾರಾಧನೆಯ ಹೊತ್ತಿಗೆ.

ಈ ಸಲ ಅದೇ ಜಾಗದಲ್ಲಿ ಕೂತು ವಿಮಾನ ನೋಡಿದೆ. ಪೂರ್ವದ ಸಮುದ್ರದ ಕಡೆಯಿಂದ ಫರ್ತ್ ಆಫ್ ಫೋರ್ತ್ ಮೇಲೆ ಒಂದರ ಹಿಂದೊಂದು ಇಳಿದುಬರ್ತಿದ್ದವು. ಒಂದು ಗಂಟೆಗೆ ಫಿರಂಗಿ ಹೊಡೆಯಿತು. ಪಕ್ಕದಲ್ಲಿದ್ದ ಪ್ರವಾಸಿ ಹುಡುಗಿಯರು ಬೆಚ್ಚಿಬಿದ್ದು ನಕ್ಕರು. ನಾನು ತಮ್ಮನಿಗೆ ಫೋನ್ ಮಾಡಿದೆ.

ತಮ್ಮ ದಾವಣಗೆರೆಯಲ್ಲೇ ಇದ್ದಾನೆ, ಅಮ್ಮನ್ನ ನೋಡಿಕೊಳ್ಳೋದು ಅವನೇ. ಎಲ್ಲಿದ್ದೀನಿ ಅಂತ ಹೇಳಿದೆ. ಮೇಲ್ ಸಿಕ್ತು ಅಂತ ಹೇಳಿದೆ. 'ಆ ಹನ್ನೊಂದು ದಿನ ನಾನು ಬರಬಹುದಿತ್ತು ಕಣೋ' ಅಂದೆ.

'ಗೊತ್ತು ಬಿಡಣ್ಣ' ಅಂದ.

ಇಷ್ಟು ವರ್ಷ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ. 'ಏನಂತ ಹೇಳ್ಲಿ? ನೀನು ಬಂದಾಗ ಆ ಬೆಂಕಿ ಗುಡ್ಡದ ಕಥೆ ಎಲ್ರೂ ಹೇಳ್ತಾ ಇದ್ರು. ಅವ್ವಂಗೆ ಅದ್ರಿಂದ ಸಮಾಧಾನ ಇತ್ತು.' ಅಪ್ಪ ಕೇಳಿದ್ದರಾ ಅಂತ ಕೇಳಿದೆ. ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ. 'ಕೇಳಿದ್ರು. 18ಕ್ಕೆ ಅವನ ಕೆಲಸ ಮುಗಿಯುತ್ತಂತೆ ಅಂದೆ. ಅದಕ್ಕೆ ಅಪ್ಪ, ಲೈನ್ ಚಾರ್ಜ್ ಮಾಡೋವಾಗ ಮಧ್ಯದಲ್ಲಿ ಬಿಟ್ಟು ಬರಾಕಾಗಲ್ಲ, ಮುಗಿಸ್ಕೊಂಡೇ ಬರ್ಲಿ ಬಿಡು ಅಂದ್ರು.'

ಇದನ್ನ ಕೇಳಿ ನನಗೆ ಹಗುರ ಆಯ್ತಾ ಭಾರ ಆಯ್ತಾ ಅಂತ ಈಗಲೂ ಹೇಳೋಕಾಗಲ್ಲ. ಹೊಸ ಲೈನಿಗೆ ಕರೆಂಟ್ ಬಿಡೋದನ್ನ ಚಾರ್ಜ್ ಮಾಡೋದು ಅಂತಾರೆ. ನನ್ನ ಗೋ-ಲೈವನ್ನ ಅವರು ತಮ್ಮ ಭಾಷೆಗೆ ತಂದುಕೊಂಡು ಅರ್ಥ ಮಾಡಿಕೊಂಡಿದ್ದರು. ನಾನು ಅವರ ಕಂಬ, ತಂತಿಯ ಪ್ರಶ್ನೆಗಳಿಗೆ ಅರ್ಧ ಉತ್ತರ ಕೊಟ್ಟು ಫೋನ್ ಇಡ್ತಿದ್ದೆ.

ಒಬ್ಬನೇ ಹೋಗಿದ್ದು ಸರಿಯಾಯ್ತಾ ಅಂತ ಕೆಲವರು ಕೇಳಿದರು. ಹೆಂಡತಿ ಮಗಳ ಜೊತೆ ಹೋಗಿದ್ದರೆ ಕೋಟೆ, ಫೋರ್ತ್ ಸೇತುವೆ ತೋರಿಸಿಕೊಂಡು ಗೈಡ್ ಆಗಿರ್ತಿದ್ದೆ, ಅದೇ ಕಥೆಯನ್ನ ಇನ್ನೊಂದು ಸಲ ಹೇಳಿ, ಮಗಳ ಹತ್ರ 'ಪಾಪ ಅಪ್ಪ' ಅನ್ನಿಸಿಕೊಂಡು ಬರ್ತಿದ್ದೆ. ವಾಪಸ್ ಬಂದ ಮೇಲೆ ಅವರಿಬ್ಬರಿಗೂ ಹೇಳಿದೆ. ಮಗಳಿಗೆ ಈಗ ಹದಿನಾಲ್ಕು. 'ಅಜ್ಜಿಗೆ ಗೊತ್ತಾ?' ಅಂತ ಕೇಳಿದಳು.

ಗೊತ್ತಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಎಪ್ಪತ್ತನಾಲ್ಕು ವಯಸ್ಸು, ಹೇಳಿ ಏನಾಗಬೇಕು ಅಂತ ತಮ್ಮ ಅಂತಾನೆ. ಅವನು ಹೇಳೋದ್ರಲ್ಲೂ ಅರ್ಥ ಇದೆ. ಆದರೆ ಮುಂದಿನ ಮದುವೆ ಮನೆಯಲ್ಲಿ ಅವರು ಬೆಂಕಿ ಗುಡ್ಡದ ಕಥೆ ಶುರು ಮಾಡಿದಾಗ ನಾನು ಪಕ್ಕದಲ್ಲಿ ಹೇಗೆ ಕೂರಬೇಕು? ಮತ್ತೆ ಅಮ್ಮ ಈಗ ಯೂಟ್ಯೂಬ್ ನೋಡ್ತಾರೆ. ಹೋಳಿಗೆ, ವಚನ ಪ್ರವಚನ, ಮಧ್ಯೆ ಯಾರಾದ್ರೂ ಕಳಿಸಿದ್ದೆಲ್ಲ ನೋಡ್ತಾರೆ. ನಮ್ಮ ನೆಂಟರಲ್ಲಿ ಇದನ್ನ ಕಳಿಸೋಕೆ ಜನ ಕಡಿಮೆ ಇಲ್ಲ.

ಈ ವಿಡಿಯೋ ಹಾಕೋಕೆ ಎರಡು ವಾರ ಆಗುತ್ತೆ ಅಂತ ಇಲ್ಲಿಯವರು ಹೇಳಿದ್ದಾರೆ. ಶುಕ್ರವಾರ ರಾತ್ರಿ ದಾವಣಗೆರೆ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀನಿ. ಬೆಳಗ್ಗೆ ಅಲ್ಲಿರ್ತೀನಿ.